ಕಟ್ಟಿದ ಕೊರಳಿನ ಋಣ

ಶೈವಶಾಸ್ತ್ರಗಳಲ್ಲಿ ಪತಿ, ಪಶು, ಪಾಶ ಎಂಬ ಮೂರು ಪದಾರ್ಥಗಳನ್ನು ಹೇಳಿದೆ. ಪತಿಯೆಂದರೆ ಶಿವನು; ಪಶುವೆಂದರೆ ಜೀವನು; ಪಾಶವೆಂದರೆ ಆ ಜೀವನನ್ನು ಬಿಗಿದಿರುವ ಮಲಮಾಯಾಕರ್ಮಗಳು. ಪಾಶದಿಂದ ಕಟ್ಟಲ್ಪಟ್ಟುದರಿಂದಲೇ ಜೀವನಿಗೆ ಪಶುವೆಂಬ ಹೆಸರು. ಪಾಠಶಾಲೆಯ ಮಕ್ಕಳಿಗೆ ಈ ವಿಷಯವನ್ನು ತಿಳಿಸುವಾಗ ಗೂಟ, ಹಗ್ಗ, ಹಸು ಎಂಬ ಕೊಟ್ಟಿಗೆಯ ದೃಷ್ಟಾಂತವನ್ನೇ ಕೊಡುವುದು ನನ್ನ ವಾಡಿಕೆ. ಒಮ್ಮೆ ಹೀಗೆ ಹೇಳುತ್ತಿರುವಾಗ ಹಳ್ಳಿಯಿಂದ ಬಂದ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ನಮ್ಮನ್ನು ಬಿಡಿಸುವುದಕ್ಕೆ ಶಿವನಿದ್ದಾನೆ. ನಾವು ಕಟ್ಟಿದ ಹಸುವಿಗೆ ಯಾರಿದ್ದಾರೆ?” ಎಂದು ಕೇಳಿದನು. ಆ ದಿನ ತಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಆ ಬಾಲಕನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಂದು ಗೃಹಸ್ಥರಾದ ಶಿವಭಕ್ತರ ಮುಂದೆ ಇಡುತ್ತಿದ್ದೇನೆ.

ಅಡವಿಯ ಜಿಂಕೆಗೆ ಹಸಿವಾದರೆ ಅದು ಹುಲ್ಲನ್ನು ಅರಸಿ ಹೋಗುತ್ತದೆ. ಬಾಯಾರಿದರೆ ಹಳ್ಳಕ್ಕೆ ಇಳಿಯುತ್ತದೆ. ನಮ್ಮ ಕೊಟ್ಟಿಗೆಯ ಹಸುವಿಗೂ ಬಾಗಿಲ ನಾಯಿಗೂ ಆ ಸ್ವಾತಂತ್ರ್ಯವಿಲ್ಲ. ಅದನ್ನು ತೆಗೆದುಕೊಂಡವರು ನಾವು. ಕೊರಳಿಗೆ ಹಗ್ಗ ಹಾಕಿದ ಗಳಿಗೆಯಿಂದಲೇ ಆ ಪ್ರಾಣಿಯ ಹಸಿವು, ನೀರಡಿಕೆ, ಬಿಸಿಲು, ಬೇನೆಗಳೆಲ್ಲ ನಮ್ಮ ಲೆಕ್ಕಕ್ಕೆ ಬರೆಯಲ್ಪಟ್ಟಂತೆ. ಆದುದರಿಂದ ಅದಕ್ಕೆ ಹಾಕುವ ಮೇವು ದಾನವಲ್ಲ, ಋಣಸಂದಾಯ. ಕೊಟ್ಟೆನೆಂಬ ಹಮ್ಮು ಉಳಿದರೆ ಅದು ದಾಸೋಹವಾಗದೆಂದು ಶರಣರು ಬಗೆದರು. ಕೊಡತಕ್ಕದ್ದನ್ನೇ ಕೊಟ್ಟು ಪುಣ್ಯವನ್ನು ಎಣಿಸುವವನು ಅದಕ್ಕಿಂತ ಹಿಂದೆ ಉಳಿದವನು.

ಬಸವನೆಂಬ ಹೆಸರೇ ವೃಷಭಶಬ್ದದ ತದ್ಭವ. ಆ ಹೆಸರನ್ನು ದಿನಕ್ಕೆ ನೂರು ಸಾರಿ ಉಚ್ಚರಿಸುವ ನಾವು ಎತ್ತಿನ ಬೆನ್ನಿನ ಮೇಲೆ ಬಾರುಕೋಲನ್ನು ಹೇಗೆ ಎತ್ತುತ್ತೇವೆಂಬುದನ್ನು ವಿಚಾರಿಸಬೇಕು. ಬಸವಣ್ಣನವರು ಧರ್ಮದ ಬೇರನ್ನು ಕರುಣೆಯಲ್ಲಿ ಕಂಡವರು. ಆ ಕರುಣೆಗೆ ಮನುಷ್ಯರೆಂಬ ಎಲ್ಲೆಯನ್ನು ಹಾಕಲಿಲ್ಲ. ಅನುಭವಮಂಟಪದ ಶರಣರಲ್ಲಿ ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದು. ಅವರ ವಚನಗಳ ಅಂಕಿತದಲ್ಲಿ ಶಿವನು ಗೋಪತಿನಾಥನಾಗಿ ಬರುತ್ತಾನೆ. ದನಗಳ ಹಿಂದೆ ನಡೆದವನಿಗೂ ಅನುಭಾವದ ಗದ್ದುಗೆಯಲ್ಲಿ ಸ್ಥಾನವಿತ್ತು.

ಶರಣರ ಕಥೆಗಳಲ್ಲಿ ಪ್ರಸಿದ್ಧವಾದ ಪ್ರಸಂಗವೊಂದಿದೆ. ಕಳ್ಳರು ಬಸವಣ್ಣನವರ ಆಕಳುಗಳನ್ನು ಹೊಡೆದುಕೊಂಡು ಹೋದರು. ಸುದ್ದಿ ತಿಳಿದಾಗ ಅವರಿಗೆ ಆಕಳು ಹೋದ ದುಃಖವಾಗಲಿಲ್ಲ. ತಾಯಿಯಿಲ್ಲದೆ ಕೂಗುವ ಕರುಗಳನ್ನು ನೋಡಲಾರದೆ, ಅವುಗಳನ್ನೂ ಕಳ್ಳರ ಬಳಿಗೆ ಅಟ್ಟಿಸಿದರೆಂದು ಹೇಳುತ್ತಾರೆ. ಈ ಕಥೆಯನ್ನು ಕೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಮನೆಗೆ ಹೋಗಿ ನಮ್ಮ ಕರುವಿಗೆ ಏನು ಮಾಡುತ್ತೇವೆ?

ಈಯ್ದ ಹಸುವಿನ ಮಾಸು ಬೀಳುವವರೆಗೆ ಕರುವಿಗೆ ಗಿಣ್ಣದ ಹಾಲನ್ನು ಬಿಡಬಾರದೆಂಬ ರೂಢಿ ಎಷ್ಟೋ ಊರುಗಳಲ್ಲಿ ಇನ್ನೂ ಇದೆ. ಇದು ಕರುವಿಗೆ ಮಾಡುವ ದೊಡ್ಡ ಅನ್ಯಾಯ. ಮನುಷ್ಯಶಿಶುವಿಗೆ ಗರ್ಭದಲ್ಲಿಯೇ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿ ಸ್ವಲ್ಪ ದೊರೆಯುವುದು. ಕರುವಿಗೆ ಹಾಗೆ ದೊರೆಯದು. ಅದಕ್ಕೆ ಆ ಶಕ್ತಿ ಬರುವುದು ಗಿಣ್ಣದ ಹಾಲಿನಿಂದ ಮಾತ್ರ. ಅದನ್ನು ಹೀರಿಕೊಳ್ಳುವ ಸಾಮರ್ಥ್ಯವು ಕರುವಿನ ಕರುಳಿನಲ್ಲಿ ಗಂಟೆಗಂಟೆಗೂ ಕುಂದುತ್ತ 24 ಗಂಟೆಗಳೊಳಗೆ ಮುಗಿದುಹೋಗುತ್ತದೆ. ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಕುಡಿಸಲು ಆರಂಭಿಸಿ, ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಪಾಲಿನಷ್ಟನ್ನು ಕುಡಿಸಬೇಕು. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು. ಮಾಸು ಬೀಳುವುದಕ್ಕೂ ಇದಕ್ಕೂ ವಿರೋಧವಿಲ್ಲ. ಕರು ಮೊಲೆಯುಣ್ಣುವುದರಿಂದ ತಾಯಿಯ ಗರ್ಭಕೋಶ ಕುಗ್ಗುವುದಕ್ಕೆ ಸಹಾಯವೇ ಆಗುತ್ತದೆ. ಕರುವಿನ ಪಾಲು ಮುಗಿದ ಮೇಲೆ ಉಳಿದುದರಲ್ಲಿ ನಾವು ಗಿಣ್ಣವನ್ನು ಕಾಯಿಸಿಕೊಳ್ಳೋಣ.

ಎರಡನೆಯದು, ಅರಿವಿಲ್ಲದ ದಯೆ. ಇದನ್ನು ನಮ್ಮ ಮನೆಯ ತಪ್ಪಿನಿಂದಲೇ ಹೇಳುತ್ತೇನೆ. ನನ್ನ ಬಾಲ್ಯದಲ್ಲಿ ಅಕ್ಕನ ಮದುವೆಯ ಮರುದಿನ ಅನ್ನವೂ ಹೋಳಿಗೆಯೂ ಬಹಳ ಉಳಿದಿದ್ದವು. ಅನ್ನವನ್ನು ಚೆಲ್ಲಬಾರದು, ಗೋಮಾತೆಯೂ ಹಬ್ಬವುಣ್ಣಲಿ ಎಂದು ಮನೆಯವರು ಎರಡು ಬುಟ್ಟಿಗಳಷ್ಟನ್ನು ಹಸುವಿನ ಮುಂದೆ ಸುರಿದರು. ಬುಟ್ಟಿಯನ್ನು ಹೊತ್ತವನು ನಾನು. ಸಂಜೆಗೆ ಅದು ಮೆಲುಕು ಹಾಕುವುದನ್ನು ನಿಲ್ಲಿಸಿತು, ಹೊಟ್ಟೆ ಉಬ್ಬಿತು, ಮೂರನೆಯ ದಿನ ಬೆಳಗಿಗೆ ಸತ್ತಿತು. ನಮ್ಮ ತಾಯಿಯವರು ದೃಷ್ಟಿ ತಾಗಿತೆಂದರು. ಪಶುವೈದ್ಯರೊಬ್ಬರು ಕಾರಣವನ್ನು ತಿಳಿಸಿದ್ದು ಎಷ್ಟೋ ವರ್ಷಗಳ ಮೇಲೆ. ಹಸುವಿನ ಜಠರದಲ್ಲಿ ನಾಲ್ಕು ಭಾಗಗಳಿವೆ. ಅವುಗಳಲ್ಲಿ ದೊಡ್ಡದಾದ ಮೊದಲನೆಯ ಚೀಲದಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳಿದ್ದು ಹುಲ್ಲನ್ನು ಜೀರ್ಣಿಸುತ್ತವೆ. ಅನ್ನ, ಹಿಟ್ಟು, ಬೆಲ್ಲ ಒಮ್ಮೆಲೆ ಬಹಳವಾಗಿ ಬಿದ್ದರೆ ಅವು ವೇಗವಾಗಿ ಹುಳಿತು ಆಮ್ಲವೇರುತ್ತದೆ. ಆ ಆಮ್ಲವು ರಕ್ತಕ್ಕೂ ಹರಡಿ ಪ್ರಾಣವನ್ನು ತೆಗೆಯುತ್ತದೆ. ನಾವು ಭಕ್ತಿಯಿಂದ ಇಟ್ಟ ಎಡೆಯೇ ಅದಕ್ಕೆ ವಿಷವಾಗಿತ್ತು. ಜಾತ್ರೆಯ ದಾಸೋಹದಲ್ಲಿ ಉಳಿದ ಅನ್ನವನ್ನು ಮಠದ ದನಗಳಿಗೆ ತಂದು ಸುರಿಯುವ ಭಕ್ತರು ಇದನ್ನು ನೆನೆಯತಕ್ಕದ್ದು. ಒಂದು ಹಿಡಿ ಪ್ರಸಾದದಿಂದ ಹಾನಿಯಿಲ್ಲ, ಬುಟ್ಟಿಯಿಂದ ಹಾನಿಯುಂಟು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯುವವರ ತಪ್ಪಂತೂ ಇಮ್ಮಡಿ; ದನವು ಚೀಲಸಹಿತವಾಗಿಯೇ ನುಂಗುತ್ತದೆ.

ಮೂರನೆಯದು, ದುಡಿಯುವ ಎತ್ತು. ಕಾರಹುಣ್ಣಿಮೆಯ ದಿನ ಅದಕ್ಕೆ ಮೈತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ ಮೆರೆಸುತ್ತೇವೆ. ಮರುದಿನ ನೊಗದಿಂದ ಹೆಗಲು ಬಾತಿದ್ದರೂ ಹೂಡುತ್ತೇವೆ. ಸದಾಚಾರದಲ್ಲಿ ನಿಂತವನು ಪರರ ದುಡಿಮೆಯನ್ನು ಕೂಲಿ ಕೊಡದೆ ಉಣ್ಣಲಾರನು. ಎತ್ತಿನ ದುಡಿಮೆಯೂ ಪರರ ದುಡಿಮೆಯೇ. ರಾಜ್ಯಶಾಸನವೂ ಈ ವಿಷಯದಲ್ಲಿ ಸುಮ್ಮನಿಲ್ಲ. 1965ರ ನಿಯಮಗಳ ಮೇರೆಗೆ ಗಾಡಿಯೆಳೆಯುವ ಪ್ರಾಣಿಯನ್ನು ದಿನಕ್ಕೆ ಒಟ್ಟು 9 ಗಂಟೆಗಳಿಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ ಸತತವಾಗಿ 5 ಗಂಟೆಗಳಿಗಿಂತ ಹೆಚ್ಚಾಗಿಯೂ ದುಡಿಸುವಂತಿಲ್ಲ. 37 ಡಿಗ್ರಿ ಮೀರಿದ ಬಿಸಿಲಿರುವ ಕಡೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಹೂಡುವಂತಿಲ್ಲ. ಕಾಲುಬಾಯಿ ಬೇನೆಯ ಲಸಿಕೆಯನ್ನು ಪಶುವೈದ್ಯ ಇಲಾಖೆಯವರು ಊರೂರಿಗೆ ಬಂದು ಹಾಕುತ್ತಾರೆ. ಹಾಲು ಕಡಿಮೆಯಾಗುವುದೆಂದು ದನಗಳನ್ನು ಬಚ್ಚಿಡಬಾರದು. ಒಂದೆರಡು ದಿನ ಹಾಲು ತುಸು ಇಳಿದರೂ ಆ ಬೇನೆ ಬಂದ ಮೇಲೆ ಆಗುವ ನಷ್ಟದ ಮುಂದೆ ಅದು ಗಣನೆಗೆ ಬಾರದು.

ನಾಲ್ಕನೆಯದು, ನಾಯಿ. ಮಕ್ಕಳು ಮರಿಯೊಂದನ್ನು ತರುತ್ತಾರೆ. ಮರಿಯಿರುವಷ್ಟು ದಿನ ಮುದ್ದು. ಬೆಳೆದ ಮೇಲೆ ಮೊಳದುದ್ದದ ಸರಪಳಿ. ಹಗಲಿರುಳು ಕಟ್ಟಿಹಾಕಿದ ನಾಯಿ ಕಚ್ಚುವ ನಾಯಿಯಾದರೆ ಆಶ್ಚರ್ಯವೇನು? 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದಲ್ಲಿ ಸಾಕಿದವನು ಸಾಕಷ್ಟು ಅನ್ನ, ನೀರು, ನೆರಳನ್ನು ಕೊಡದಿರುವುದು, ತೀರ ಗಿಡ್ಡವಾದ ಸರಪಳಿಯಲ್ಲಿ ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು, ಹಸಿವಿನಿಂದ ನರಳುವಂತೆ ಬೀದಿಪಾಲು ಮಾಡುವುದು, ಇವೆಲ್ಲವೂ ಅಪರಾಧಗಳೆಂದು ಹೇಳಿದೆ. ಆ ಶಾಸನಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು.

ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು. ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮನುಷ್ಯನು ಬದುಕುವುದು ಇಲ್ಲವೆಂಬಷ್ಟು ಅಪರೂಪ. ಆದರೆ ಕಚ್ಚಿದ ಕೂಡಲೇ ಎಚ್ಚರವಹಿಸಿದರೆ ರೋಗವನ್ನು ತಡೆಯಬಹುದು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಚುಚ್ಚುಮದ್ದುಗಳನ್ನು ತಪ್ಪದೆ ಮುಗಿಸಬೇಕು. ಸುಣ್ಣ, ಖಾರದ ಪುಡಿ, ಮಂತ್ರಿಸಿದ ದಾರ ಇವುಗಳಿಂದ ಹೊತ್ತು ಕಳೆಯುವುದೇ ಹೊರತು ರೋಗ ಕಳೆಯದು. ನಾನು ಮಂತ್ರಶಾಸ್ತ್ರವನ್ನು ಓದಿದವನು. ಓದಿದವನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಹೆಣ್ಣುನಾಯಿಯ ಗರ್ಭಕಾಲ ಸುಮಾರು 63 ದಿನಗಳು. ವರ್ಷಕ್ಕೆ ಎರಡು ಸಾರಿ ಮರಿ ಹಾಕುವುದುಂಟು. ಅಷ್ಟು ಮರಿಗಳನ್ನು ಸಾಕಲಾರದವನು ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸತಕ್ಕದ್ದು. ಕಣ್ಣು ಬಿಡದ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ರಾತ್ರಿ ಮಠದ ಬಾಗಿಲಲ್ಲಿಟ್ಟು ಹೋಗುವವರುಂಟು. ಮಠದಲ್ಲಿ ಅನ್ನವಿದೆ, ನಿಜ, ತಾಯಿಯ ಹಾಲಿಲ್ಲ.

ಇಲ್ಲಿ ಒಂದು ಶಂಕೆ. “ಇದೆಲ್ಲ ಉಳ್ಳವರಿಗೆ ಸರಿ. ಬರಗಾಲದಲ್ಲಿ ಮನೆಯ ಮಕ್ಕಳಿಗೇ ಇಲ್ಲದಿರುವಾಗ ಮುದಿಯೆತ್ತಿಗೆ ಮೇವೆಲ್ಲಿಂದ ತರುವುದು?” ಈ ಶಂಕೆ ಹಗುರವಾದುದಲ್ಲ, ಕೇಳುವ ಬಡ ಒಕ್ಕಲಿಗನನ್ನು ನಿಷ್ಠುರನೆಂದು ಹಳಿಯಲೂ ಬಾರದು. ಸಮಾಧಾನವು ಮೂರು ಬಗೆ. ತನ್ನ ಹೊಲದ ಮೇವು ಸಾಲುವಷ್ಟೇ ಪ್ರಾಣಿಗಳನ್ನು ಕಟ್ಟತಕ್ಕದ್ದು. ಎತ್ತು ಗಟ್ಟಿಯಾಗಿರುವಾಗಲೇ ಅದರ ಮುಪ್ಪಿಗೆಂದು ವರ್ಷಕ್ಕೊಂದಿಷ್ಟು ತೆಗೆದಿಡತಕ್ಕದ್ದು. ಹತ್ತು ವರ್ಷ ಉತ್ತವನಿಗೆ ಅದು ಹಕ್ಕಿನ ಪಾಲು. ಸರ್ವಥಾ ಆಗದಿದ್ದರೆ ಹಗಲಿನಲ್ಲಿಯೇ ಗೋಶಾಲೆಗೆ ಹೊಡೆದುಕೊಂಡು ಹೋಗಿ, ತನ್ನ ಹೆಸರು ಹೇಳಿ, ಕೈಲಾದಷ್ಟು ಹುಲ್ಲಿನೊಡನೆ ಒಪ್ಪಿಸತಕ್ಕದ್ದು. ಬಡತನ ಪಾಪವಲ್ಲ, ಕತ್ತಲಲ್ಲಿ ಹಗ್ಗ ಬಿಚ್ಚಿ ತಿರುಗಿ ನೋಡದೆ ಬರುವುದು ಪಾಪ. ಉಳ್ಳವರಾದರೋ ನೆರೆಯವನ ಎತ್ತಿಗೆ ಒಂದು ಹೊರೆ ಮೇವನ್ನು ಕಳುಹಿಸುವುದನ್ನೂ ದಾಸೋಹವೆಂದೇ ತಿಳಿಯಲಿ.

ಈಗ ಆ ಬಾಲಕನ ಪ್ರಶ್ನೆಗೆ ಬರೋಣ. ನಾವು ಕಟ್ಟಿದ ಹಸುವಿಗೆ ನಾವೇ ಇದ್ದೇವೆ. ಅದರ ಪಾಲಿಗೆ ಬೇರೆ ಪತಿಯಿಲ್ಲ. ಪಾಶಬದ್ಧರಾದ ನಾವು ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕರುಣೆಯನ್ನು ಬೇಡುವ ಹೊತ್ತಿನಲ್ಲಿಯೇ, ಹಿತ್ತಿಲಲ್ಲಿ ಮತ್ತೊಂದು ಜೀವವು ಹಗ್ಗವನ್ನು ಜಗ್ಗುತ್ತ ನಮ್ಮ ದಾರಿಯನ್ನು ನೋಡುತ್ತಿರುತ್ತದೆ.

ಮನೆಯಲ್ಲಿ ಎಲ್ಲರೂ ಕೂಡಿ ಮನನ ಮಾಡತಕ್ಕ ಪ್ರಶ್ನೆಗಳು:

1. ಇಂದು ಪೂಜೆಗೆ ಕುಳಿತುಕೊಳ್ಳುವ ಮೊದಲು ಕೊಟ್ಟಿಗೆಯ ನೀರಿನ ತೊಟ್ಟಿಯನ್ನು ನೋಡಿದವರು ಯಾರು?

2. ನಮ್ಮ ಮನೆಯ ನಾಯಿಗೆ ಕಡೆಯ ಸಾರಿ ಲಸಿಕೆ ಹಾಕಿಸಿದ ತಿಂಗಳು ಯಾವುದು?

3. ಕಟ್ಟಿದ ಹಗ್ಗದ ಉದ್ದ ಎಷ್ಟು? ಅಷ್ಟರಲ್ಲಿ ಪ್ರಾಣಿಯು ಮಲಗಿ, ಹೊರಳಿ, ನೆರಳಿಗೆ ಸರಿಯಬಲ್ಲುದೇ?