ಕೊನೆಯ ಬೋಟ್‌ನಿಂದ ಹಿಂದಕ್ಕೆ: ಸೇಂಟ್ ಮೇರೀಸ್ ದ್ವೀಪದ ಲೆಕ್ಕ

ಇಂಟರ್ನಲ್ಸ್ ಮುಗಿದ ಮೊದಲ ಭಾನುವಾರಕ್ಕೆ ಕ್ಯಾಂಪಸ್ಸಿನಲ್ಲಿ ಏನೇ ಪ್ಲಾನ್ ಆಗಲಿ, ಅದರಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಇದ್ದೇ ಇರುತ್ತೆ. ಪಣಂಬೂರಿಗೋ ತಣ್ಣೀರುಬಾವಿಗೋ ಮನಸ್ಸಾದಾಗ ಎದ್ದು ಹೋಗಬಹುದು. ಇಲ್ಲಿಗೆ ಹಾಗಾಗಲ್ಲ. ದಡದಿಂದ ಐದಾರು ಕಿಲೋಮೀಟರ್ ಸಮುದ್ರದೊಳಗಿದೆ, ಸೇತುವೆ ಇಲ್ಲ, ರಾತ್ರಿ ಉಳಿಯುವಂತಿಲ್ಲ, ಮಳೆಗಾಲದಲ್ಲಿ ಬೋಟೇ ಇಲ್ಲ. ಹಾಗಾಗಿ ಎಷ್ಟು ಜನ ಹೋಗಬಹುದು ಅನ್ನೋದಕ್ಕಿಂತ ಎಷ್ಟು ಜನ ಹೊತ್ತಿಗೆ ಸರಿಯಾಗಿ ವಾಪಸ್ ಬರಬಹುದು ಅನ್ನೋದೇ ಇಲ್ಲಿ ಮುಖ್ಯ. ಈ ಲೆಕ್ಕ ನಾವು ಓದೋ ಕ್ಯೂಯಿಂಗ್ ಥಿಯರಿಯಲ್ಲೇ ಇದೆ.

ಅಲ್ಲಿ ಇರೋದೇನು?

ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ಇದು. ತಣ್ಣಗಾಗುವಾಗ ಕಲ್ಲು ಕುಗ್ಗುತ್ತೆ, ಕುಗ್ಗಿದಾಗ ಬಿರುಕು ಬಿಡುತ್ತೆ. ಮೂರು ಬಿರುಕುಗಳು ಹೆಚ್ಚುಕಡಿಮೆ 120 ಡಿಗ್ರಿಯಲ್ಲಿ ಸೇರಿದರೆ ಒತ್ತಡ ಸಮನಾಗಿ ಬಿಡುಗಡೆಯಾಗುತ್ತೆ. ಅದಕ್ಕೇ ಅಲ್ಲಿನ ಕಂಬಗಳಲ್ಲಿ ಆರು ಮುಖದವು ಜಾಸ್ತಿ; ಐದು, ಏಳು ಮುಖದವೂ ಸಿಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಅದೇ ಪಟ್ಟಿಯಲ್ಲಿದೆ. ಮುರಿದ ಕಂಬವನ್ನು ಯಾವ ಸಿವಿಲ್ ಬ್ರಾಂಚಿನವರೂ ರಿಪೇರಿ ಮಾಡಲಾರರು.

ಲಿಟಲ್‌ನ ನಿಯಮ

1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಬಹಳ ಸರಳ:

ಒಳಗಿರುವ ಜನ = ಗಂಟೆಗೆ ಬರುವ ಜನ × ಒಬ್ಬೊಬ್ಬರು ಇರುವ ಗಂಟೆ

ಲೆಕ್ಕಕ್ಕೆ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. 30 ಜನರ ಬೋಟ್, 15 ನಿಮಿಷಕ್ಕೊಂದು. ಅಂದ್ರೆ ಗಂಟೆಗೆ 120 ಜನ. ಒಬ್ಬೊಬ್ಬರು ಎರಡೂವರೆ ಗಂಟೆ ಇದ್ದರೆ ದ್ವೀಪದಲ್ಲಿ ಯಾವಾಗಲೂ 300 ಜನ. ಬರುವವರು, ಹೋಗುವವರು ಸಮ ಇರುವವರೆಗೆ ಏನೂ ತೊಂದರೆ ಇಲ್ಲ.

ಆದರೆ ಈ ನಿಯಮ ಸ್ಥಿರ ಸ್ಥಿತಿಗೆ ಮಾತ್ರ. ಸಂಜೆ ಸ್ಥಿರ ಸ್ಥಿತಿ ಅಲ್ಲ. "ಇನ್ನೊಂದು ಫೋಟೋ ಮಾರಾಯ, ಕೊನೆ ಬೋಟಲ್ಲಿ ಹೋಗೋಣ" ಅಂತ ಎಲ್ಲರೂ ಅಂದುಕೊಂಡರೆ? 300 ಜನರನ್ನು ಸಾಗಿಸೋಕೆ ಎರಡೂವರೆ ಗಂಟೆ ಬೇಕು. ಕೊನೆಯ ಬೋಟ್ 5.30ಕ್ಕೆ ಅಂತಾದರೆ, 3 ಗಂಟೆಗೇ ಸಾಲು ಶುರುವಾಗಿರಬೇಕು.

ಹಿಂದಿನಿಂದ ಮುಂದಕ್ಕೆ

ಈಗ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪೇಪರಿನ ಹಾಗೆ ಕೊನೆಯಿಂದ ಲೆಕ್ಕ ಹಾಕೋಣ.

- ವಾಪಸ್ ಸಾಲಿನಲ್ಲಿ ನಿಲ್ಲೋದು: 3.00
- ದ್ವೀಪದಲ್ಲಿ ಎರಡೂವರೆ ಗಂಟೆ, ಅಂದ್ರೆ ತಲುಪೋದು: 12.30
- ಟಿಕೆಟ್ ಸಾಲು ಮುಕ್ಕಾಲು ಗಂಟೆ, ಬೋಟ್ ಅರ್ಧ ಗಂಟೆ. ಮಲ್ಪೆಯಲ್ಲಿ ಇರಬೇಕಾದ್ದು: 11.15
- ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್, ಕಾಯೋದೂ ಸೇರಿ ಅರ್ಧ ಗಂಟೆ. ಉಡುಪಿ: 10.45
- ಸ್ಟೇಟ್‌ಬ್ಯಾಂಕ್‌ನಿಂದ ಬಸ್ಸಿನಲ್ಲಿ ಒಂದೂ ಮುಕ್ಕಾಲು ಗಂಟೆ. ಹೊರಡೋದು: 9.00

ರೈಲಲ್ಲಿ ಬರುವವರು ಇಳಿಯೋದು ಇಂದ್ರಾಳಿಯಲ್ಲಿ. ಅಲ್ಲಿಂದ ಸಿಟಿ ಬಸ್‌ಸ್ಟ್ಯಾಂಡಿಗೆ ಬರುವ ಸಮಯವನ್ನೂ ಸೇರಿಸಿಕೊಳ್ಳಿ.

ಹಾಗಾದರೆ 9 ಗಂಟೆಗೆ ಹೊರಟರೆ ಸಾಕಾ? ಅದು ಡೆಡ್‌ಲೈನ್, ಪ್ಲಾನ್ ಅಲ್ಲ. ಬೋಟ್ ಜನ ತುಂಬದೆ ಕಾದರೆ, ಗುಂಪಿನ ಒಬ್ಬ ತಿಂಡಿಗೆ ಅಂತ ಉಡುಪಿಯಲ್ಲೇ ಉಳಿದುಬಿಟ್ಟರೆ ಮುಗೀತು. 6.30ಕ್ಕೆ ಹೊರಡಿ. 10ಕ್ಕೆ ದ್ವೀಪ, 12.30ಕ್ಕೆ ವಾಪಸ್ ಸಾಲು. ಎರಡೂವರೆ ಗಂಟೆ ಸ್ಲ್ಯಾಕ್ ಕೈಯಲ್ಲಿ, ಮಧ್ಯಾಹ್ನದ ಸುಡುಬಿಸಿಲೂ ತಪ್ಪುತ್ತೆ. ಇಲ್ಲಿನ ಅಂಕಿಗಳನ್ನು ಕಂಠಪಾಠ ಮಾಡಬೇಡಿ. ಸಮುದ್ರ, ಸೀಸನ್ ನೋಡಿಕೊಂಡು ಬೋಟ್ ಸಮಯ ಬದಲಾಗುತ್ತೆ. ಟಿಕೆಟ್ ತಗೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ "ವಾಪಸ್ ಕೊನೆ ಬೋಟ್ ಎಷ್ಟೊತ್ತಿಗೆ?"

ಉಳಿದ ಸಮಯ ನೀರಿಗಲ್ಲ

2022ರ ಏಪ್ರಿಲ್‌ನಲ್ಲಿ ಕೇರಳದ ಇಂಜಿನಿಯರಿಂಗ್ ಕಾಲೇಜೊಂದರಿಂದ ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ನಮ್ಮದೇ ಕೋರ್ಸು, ನಮ್ಮದೇ ವಯಸ್ಸು. ಒದ್ದೆ ಕಂಬದ ಮೇಲೆ ಪಾಚಿ ಇರುತ್ತೆ, ಕಾಲು ನಿಲ್ಲಲ್ಲ. ಬಂಡೆಯ ಅಂಚಿನಾಚೆ ಆಳ ಎಷ್ಟಿದೆ ಅಂತ ಮೇಲಿನಿಂದ ತಿಳಿಯಲ್ಲ. ಈಜು ಬರುತ್ತೆ ಅನ್ನೋದು ಕೊಳದ ಮಾತು. ಅಲೆ ಬಂಡೆಗೆ ಅಪ್ಪಳಿಸುವ ಜಾಗದಲ್ಲಿ ಅದು ನಡೆಯಲ್ಲ. ಗಾರ್ಡ್ ಸೀಟಿ ಊದಿದರೆ ವಾದ ಬೇಡ, ಹಿಂದೆ ಬನ್ನಿ. ಹೊರಡುವ ಮೊದಲೇ ಇಬ್ಬಿಬ್ಬರ ಜೋಡಿ ಮಾಡಿ. ಬೋಟ್ ಹತ್ತುವಾಗ, ಇಳಿಯುವಾಗ ತಲೆ ಎಣಿಸಿ.

ಗಾಳಿ ಜಾಸ್ತಿಯಾಗಿ ಅವತ್ತು ಬೋಟ್ ನಿಂತರೆ ಮಲ್ಪೆ ಬೀಚ್ ಇದೆ, ಉಡುಪಿಯ ದೋಸೆ ಇದೆ. "ಹೋಗಲ್ಲ" ಅನ್ನೋದೂ ಪ್ಲಾನಿನ ಒಂದು ಭಾಗವೇ.

ಅಭ್ಯಾಸ

ಮಧ್ಯಾಹ್ನ 12.30ಕ್ಕೆ ಅರ್ಧದಷ್ಟು ಬೋಟ್‌ಗಳು ಕೆಟ್ಟು ನಿಂತವು, ದಡದಿಂದ ಹೊಸಬರನ್ನು ಬಿಡೋದೂ ನಿಂತಿತು ಅಂದುಕೊಳ್ಳಿ. ದ್ವೀಪದಲ್ಲಿ 300 ಜನ, ಕೊನೆಯ ಬೋಟ್ 5.30ಕ್ಕೆ. ಯಾರು ದಡ ಸೇರುತ್ತಾರೆ?

ಉತ್ತರ: ಗಂಟೆಗೆ 60 ಜನ, ಹಾಗಾಗಿ ಐದು ಗಂಟೆ ಬೇಕು. 6.30ಕ್ಕೆ ಹೊರಟ ಗುಂಪು 12.30ಕ್ಕೇ ಸಾಲಿನಲ್ಲಿರುತ್ತೆ, ಕೊನೆಯಲ್ಲಿ ನಿಂತಿದ್ದರೂ ಬಂದುಬಿಡುತ್ತೆ. 9ಕ್ಕೆ ಹೊರಟ ಗುಂಪು 3 ಗಂಟೆಗೆ ಸಾಲಿಗೆ ಬರುವಾಗ ಇನ್ನೂ 150 ಜನರಿಗಷ್ಟೇ ಜಾಗ ಉಳಿದಿರುತ್ತೆ. ಅವರ ಮುಂದೆ ಎಷ್ಟು ಜನ ನಿಂತಿರಬಹುದು, ನೀವೇ ಲೆಕ್ಕ ಹಾಕಿ.