ಅಟ್ಟದ ಮೇಲಿದ್ದ ಹರಿಕೇನ್: ಒಂದು ಹಳೆಯ ಮಾಡೆಲ್ ಕಿಟ್ ಕಲಿಸಿದ ಲೆಕ್ಕ

ಅರ್ಥಶಾಸ್ತ್ರದ ತರಗತಿಯಲ್ಲಿ 'ಅವಕಾಶ ವೆಚ್ಚ' ಎಂಬ ಪಾಠವನ್ನು ನಾವೆಲ್ಲ ಓದಿದ್ದೇವೆ. ಒಂದನ್ನು ಆರಿಸಿಕೊಂಡಾಗ ಕೈಬಿಡಬೇಕಾದ ಇನ್ನೊಂದರ ಬೆಲೆಯೇ ಅವಕಾಶ ವೆಚ್ಚ. ಪರೀಕ್ಷೆಯಲ್ಲಿ ನಾನು ಇದನ್ನು ಸರಿಯಾಗಿಯೇ ಬರೆದಿದ್ದೆ. ಆದರೆ ಅರ್ಥವಾದದ್ದು ಮಾತ್ರ ಬೇಸಿಗೆ ರಜೆಯಲ್ಲಿ, ಒಂದು ಪ್ಲಾಸ್ಟಿಕ್ ವಿಮಾನದಿಂದ.

ಕಾಪುವಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಚಾಚಾ ಬಹರೈನ್‌ನಲ್ಲಿ ಕೆಲಸದಲ್ಲಿದ್ದಾಗ ತಂದದ್ದು. ಅದರೊಳಗಿದ್ದುದು ಏರ್‌ಫಿಕ್ಸ್ ಕಂಪನಿಯ ಹಾಕರ್ ಹರಿಕೇನ್ ಯುದ್ಧವಿಮಾನದ ಕಿಟ್. ಪ್ರತಿ ರಜೆಯಲ್ಲೂ ಅದನ್ನು ಕಟ್ಟಬೇಕೆಂದು ಚಾಚಾ ಅಂದುಕೊಳ್ಳುತ್ತಿದ್ದರಂತೆ. ಒಂದು ರಜೆ ಫುಫ್ಫುವಿನ ಮದುವೆಗೆ ಹೋಯಿತು, ಇನ್ನೊಂದು ಮನೆಯ ಸ್ಲ್ಯಾಬ್ ಹಾಕಿಸುವುದಕ್ಕೆ. ಈಗ ಅವರು ಕೆಲಸ ಬಿಟ್ಟು ಊರಿಗೇ ಬಂದಿದ್ದಾರೆ. ಪೆಟ್ಟಿಗೆಯ ಸೀಲ್ ಮಾತ್ರ ಒಡೆದಿರಲಿಲ್ಲ.

ಹಳೆಯ ಕಿಟ್‌ಗಳನ್ನು ಸಂಗ್ರಹಿಸುವವರು ಸೀಲ್ ಒಡೆಯದ ಪೆಟ್ಟಿಗೆಗೆ ಹೆಚ್ಚು ಬೆಲೆ ಕೊಡುತ್ತಾರೆ. ನನ್ನ ಕೋಚಿಂಗ್ ಶುಲ್ಕದ ಒಂದು ಕಂತು ಇನ್ನೂ ಬಾಕಿ ಇತ್ತು. ಮಾರಿದರೆ ಸ್ವಲ್ಪ ಸಹಾಯವಾಗುತ್ತದೆ ಎಂದು ನಾನೇ ಹೇಳಿದೆ. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನಿಷ್ಟ ಬೇಟಾ. ಮಾರಿದರೆ ಹಣ ನಿನಗೆ. ಕಟ್ಟುವುದಾದರೆ ನಾನೂ ಜೊತೆಗೆ ಕೂರುತ್ತೇನೆ" ಎಂದರು.

ಅವರು ಅಂದು ಕೊಟ್ಟ ಬೆಲೆ ಮುಳುಗಿದ ವೆಚ್ಚ. ನಾವು ಏನು ಮಾಡಿದರೂ ಅದು ವಾಪಸು ಬರುವುದಿಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಟ್ಟಿದರೆ ಈಗ ಸಿಗಬಹುದಾದ ಮಾರಾಟದ ಬೆಲೆ ಹೋಗುತ್ತದೆ, ಅದು ಅವಕಾಶ ವೆಚ್ಚ. ಮಾರಿದರೆ ಚಾಚಾ ಜೊತೆ ಕೂರುವ ರಜೆ ಹೋಗುತ್ತದೆ, ಅದೂ ಅವಕಾಶ ವೆಚ್ಚವೇ. ಎರಡನೆಯದಕ್ಕೆ ನನ್ನಿಂದ ಬೆಲೆ ಕಟ್ಟಲಾಗಲಿಲ್ಲ. ಮರುದಿನ ಪೆಟ್ಟಿಗೆ ತೆರೆದೆವು.

ಅಳತೆಯ ಲೆಕ್ಕ

ಈ ಕಿಟ್‌ನ ಅಳತೆ 1:24. ನಿಜವಾದ ಹರಿಕೇನ್‌ನ ರೆಕ್ಕೆಗಳ ತುದಿಯಿಂದ ತುದಿಗೆ 40 ಅಡಿ. ಕಾರ್ಕಳದ ಗೊಮ್ಮಟನ ಎತ್ತರ ಸುಮಾರು 42 ಅಡಿ ಎಂದರೆ ಅಂದಾಜು ಸಿಗುತ್ತದೆ. 40 ಅಡಿಯನ್ನು 24ರಿಂದ ಭಾಗಿಸಿದರೆ ಸರಿಯಾಗಿ 20 ಅಂಗುಲ. ಇದೇ ಅಳತೆಯಲ್ಲಿ ನಮ್ಮೂರಿನ 27 ಮೀಟರ್ ದೀಪಸ್ತಂಭ ಮಾಡಿದರೆ ಅದು ಒಂದು ಮೀಟರಿಗಿಂತ ತುಸು ಎತ್ತರ ಬರುತ್ತದೆ. ಆದರೆ ಉದ್ದ 24ರಲ್ಲಿ ಒಂದು ಪಾಲಾದಾಗ ಮೇಲ್ಮೈ 576ರಲ್ಲಿ ಒಂದು ಪಾಲು, ಗಾತ್ರ 13,824ರಲ್ಲಿ ಒಂದು ಪಾಲು ಆಗುತ್ತದೆ. ಬಣ್ಣ ಎಷ್ಟು ಬೇಕೆಂದು ಅಂದಾಜು ಮಾಡುವಾಗ ಇದು ಉಪಯೋಗಕ್ಕೆ ಬಂತು.

ಅಚ್ಚಿನ ಅರ್ಥಶಾಸ್ತ್ರ

ಏರ್‌ಫಿಕ್ಸ್ 1939ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಸ್ಥಾಪಕ ನಿಕೋಲಸ್ ಕೋವ್ ಹಂಗೇರಿಯಿಂದ ಬಂದವರು. ವಿಮಾನಗಳಿಗಿಂತ ಮೊದಲು ಆ ಕಂಪನಿ ತಯಾರಿಸುತ್ತಿದ್ದುದರಲ್ಲಿ ಪ್ಲಾಸ್ಟಿಕ್ ಬಾಚಣಿಗೆಯೂ ಒಂದು! ಬಾಚಣಿಗೆಗೂ ವಿಮಾನಕ್ಕೂ ವಿಧಾನ ಒಂದೇ: ಕರಗಿಸಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಲೋಹದ ಅಚ್ಚಿಗೆ ತುಂಬುವುದು. ಅಚ್ಚು ಮಾಡಿಸಲು ಭಾರಿ ಖರ್ಚು, ಅದು ಸ್ಥಿರ ವೆಚ್ಚ. ಒಮ್ಮೆ ಅಚ್ಚು ಸಿದ್ಧವಾದರೆ ಪ್ರತಿ ಹೆಚ್ಚುವರಿ ಕಿಟ್‌ಗೆ ತಗಲುವ ಖರ್ಚು ಬಹಳ ಕಡಿಮೆ. 1970ರಲ್ಲಿ ಈ ಕಂಪನಿ 1:24 ಅಳತೆಯ ಸ್ಪಿಟ್‌ಫೈರ್ ಹೊರತಂದಿತು, ನಂತರದ ವರ್ಷಗಳಲ್ಲಿ ಹರಿಕೇನ್ ಬಂತು. 1981ರಲ್ಲಿ ಕಂಪನಿ ದಿವಾಳಿಯಾಯಿತು. ಆದರೆ ಅಚ್ಚುಗಳು ಉಳಿದವು, ಮಾಲೀಕರು ಬದಲಾದರು, ಅದೇ ಅಚ್ಚುಗಳಿಂದ ಮತ್ತೆ ಕಿಟ್‌ಗಳು ಬಂದವು. ಆಸ್ತಿ ಮತ್ತು ಸಂಸ್ಥೆ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಟ್ಟಿದ ಕ್ರಮ

ಹಳೆಯ ಕಿಟ್ ಕಟ್ಟುವವರಿಗೆ ಉಪಯೋಗವಾಗಲೆಂದು ನಾವು ಮಾಡಿದ್ದನ್ನು ಬರೆಯುತ್ತೇನೆ.

1. ಎಲ್ಲ ಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ಅಚ್ಚಿನಿಂದ ಬಂದ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ.

2. ಭಾಗಗಳನ್ನು ಕೈಯಿಂದ ಮುರಿಯದೆ ಕಟರ್‌ನಿಂದ ಕತ್ತರಿಸಬೇಕು. ಅಂಟು ಹಚ್ಚುವ ಮೊದಲು ಒಮ್ಮೆ ಸುಮ್ಮನೆ ಜೋಡಿಸಿ ನೋಡಬೇಕು. ನಮ್ಮ ಕಿಟ್‌ನಲ್ಲಿ ರೆಕ್ಕೆಯ ಒಂದು ಭಾಗ ಬಾಗಿತ್ತು. ಬಿಸಿ ನೀರಿನಲ್ಲಿ ಅದ್ದಿ ನಿಧಾನವಾಗಿ ನೇರ ಮಾಡಿದೆವು.

3. ಇದರ ಅಂಟು ನಿಜವಾಗಿ ಅಂಟಲ್ಲ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಆದ್ದರಿಂದ ಕಡಿಮೆ ಹಚ್ಚಬೇಕು, ಕಿಟಕಿ ತೆರೆದಿಡಬೇಕು.

4. ಸಂದುಗಳಿಗೆ ಗ್ಯಾರೇಜಿನವರು ಬಳಸುವ ಪುಟ್ಟಿ ತುಂಬಿ, ಒಣಗಿದ ಮೇಲೆ ನುಣುಪಾದ ವಾಟರ್ ಪೇಪರಿನಿಂದ ಉಜ್ಜಬೇಕು.

5. ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಅಷ್ಟರಲ್ಲಿ ಮಳೆಗಾಲ ಶುರುವಾಗಿತ್ತು. ಒಂದು ಪದರ ಚೆನ್ನಾಗಿ ಒಣಗುವ ಮೊದಲೇ ಇನ್ನೊಂದು ಹಚ್ಚಿ ಒಂದು ರೆಕ್ಕೆ ಕೆಡಿಸಿದೆ. ಕರಾವಳಿಯಲ್ಲಿ ಈ ಕೆಲಸ ಜೂನ್‌ಗೆ ಮೊದಲೇ ಮುಗಿಸುವುದು ಒಳ್ಳೆಯದು.

6. ಹಳದಿಯಾದ ಸ್ಟಿಕ್ಕರ್ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಕೆಲವು ದಿನ ಅಂಟಿಸಿಟ್ಟರೆ ಹಳದಿ ಕಡಿಮೆಯಾಗುತ್ತದೆ. ಮೊದಲು ಬೇಡದ ಒಂದನ್ನು ನೀರಿಗೆ ಹಾಕಿ ಪರೀಕ್ಷಿಸಬೇಕು, ಹಳೆಯವು ಪುಡಿಯಾಗುವುದುಂಟು.

ಯಾವ ಗುರುತು ಹಾಕಬೇಕು?

ಇಲ್ಲಿ ನನಗೆ ಒಂದು ಆಸೆ ಹುಟ್ಟಿತು. 1944ರಲ್ಲಿ ಇಂಫಾಲದ ಯುದ್ಧದಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದ ಭಾರತದ ನಂಬರ್ 1 ಸ್ಕ್ವಾಡ್ರನ್ ಹಾರಿಸಿದ್ದು ಹರಿಕೇನ್‌ಗಳನ್ನೇ. ಹೈದರಾಬಾದಿನ ಇದ್ರಿಸ್ ಹಸನ್ ಲತೀಫ್ ಅವರೂ ಯುದ್ಧಕಾಲದಲ್ಲಿ ಇಂಗ್ಲೆಂಡಿನಲ್ಲಿ ಹರಿಕೇನ್ ಹಾರಿಸಿದ್ದರು; 1978ರಿಂದ 1981ರವರೆಗೆ ಅವರು ನಮ್ಮ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಬರ್ಮಾ ರಂಗದ ವಿಮಾನಗಳ ವೃತ್ತದ ಗುರುತಿನಲ್ಲಿ ಕೆಂಪು ಬಣ್ಣ ಇರಲಿಲ್ಲ. ಜಪಾನಿನ ಕೆಂಪು ಗುರುತೆಂದು ಯಾರೂ ತಪ್ಪು ತಿಳಿಯಬಾರದೆಂದು ಅದನ್ನು ತೆಗೆದಿದ್ದರು. ಎರಡು ನೀಲಿ ಬಣ್ಣ ತಂದರೆ ನಮ್ಮದನ್ನೂ ಇಂಫಾಲದ ವಿಮಾನ ಮಾಡಬಹುದೆಂದುಕೊಂಡೆ.

ಓದುತ್ತಾ ಹೋದಾಗ ತೊಂದರೆ ಕಂಡಿತು. ನಮ್ಮ ಕಿಟ್ ಮಾರ್ಕ್ 1, ರೆಕ್ಕೆಗಳಲ್ಲಿ ಎಂಟು ಮೆಷಿನ್ ಗನ್. ಇಂಫಾಲದವು ಮಾರ್ಕ್ 2. ಅವುಗಳ ಇಂಜಿನ್ ಬೇರೆ, ಮೂತಿ ತುಸು ಉದ್ದ. ಬಣ್ಣ ಹಚ್ಚಿಬಿಟ್ಟರೆ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ಚಾಚಾರನ್ನು ಕೇಳಿದೆ. "ನೀನು ಲೆಕ್ಕ ಕಲಿಯುವವನು. ಇಲ್ಲದ್ದನ್ನು ಇದೆ ಎಂದು ಬರೆಯುತ್ತೀಯಾ?" ಎಂದರು. ಅಷ್ಟೇ ಸಾಕಾಯಿತು. ಪೆಟ್ಟಿಗೆಯಲ್ಲಿದ್ದಂತೆ ಮೇಲೆ ಕಂದು ಮತ್ತು ಹಸಿರು, ಕೆಳಗೆ ತಿಳಿ ಬಣ್ಣ ಹಚ್ಚಿ, ಇಂಗ್ಲೆಂಡಿನ ಗುರುತನ್ನೇ ಅಂಟಿಸಿದೆವು.

ಕೊನೆಯ ಲೆಕ್ಕ

ಅಂಟು, ಬಣ್ಣ, ಕುಂಚ, ಪುಟ್ಟಿ ಸೇರಿ 1,860 ರೂಪಾಯಿ ಖರ್ಚಾಯಿತು. ಒಂಬತ್ತು ವಾರ ಹಿಡಿಯಿತು. ಕೋಚಿಂಗಿನ ಕಂತನ್ನು ಅಬ್ಬಾ ಒಂದು ತಿಂಗಳು ತಡವಾಗಿ ಕಟ್ಟಿದರು. ಅದನ್ನೂ ಈ ಲೆಕ್ಕದಲ್ಲಿ ಬರೆಯಲೇಬೇಕು. ಮಾರಾಟದ ದೃಷ್ಟಿಯಿಂದ ವಿಮಾನದ ಬೆಲೆ ಈಗ ಹೆಚ್ಚೇನೂ ಇಲ್ಲ. ಎಡ ರೆಕ್ಕೆಯ ಕೆಳಗೆ ಚಾಚಾರ ಹೆಬ್ಬೆರಳ ಗುರುತು ಅಂಟಿನಲ್ಲಿ ಅಚ್ಚಾಗಿ ಉಳಿದಿದೆ. ಉಜ್ಜಿ ತೆಗೆಯಲು ಅವರು ಹೇಳಿದರು, ನಾನು ತೆಗೆಯಲಿಲ್ಲ.

ವಿಮಾನ ಈಗ ನಮ್ಮ ಜಗಲಿಯ ಶೋಕೇಸಿನಲ್ಲಿದೆ. ಪಕ್ಕದ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: "ಹಾಕರ್ ಹರಿಕೇನ್ ಮಾರ್ಕ್ 1. ಅಳತೆ 1:24. ಕಟ್ಟಿದವರು ಇಬ್ಬರು."