ಬಾರಾಮತಿಯಿಂದ ವಿಜಯಪುರಕ್ಕೆ: ಹಿಂದಿನ ಟೈರ್ ಕಲಿಸಿದ ಏಳು ಪಾಠಗಳು

ನೌಕರಿ ಬಾರಾಮತಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಮನೆ ವಿಜಯಪುರದಲ್ಲಿ. ನಡುವೆ ಸುಮಾರು 260 ಕಿ.ಮೀ. ಇಂದಾಪುರ, ಟೆಂಭುರ್ಣಿ, ಮೋಹೋಳ, ಸೊಲ್ಲಾಪುರ ದಾಟಿ ಭೀಮಾ ನದಿಯ ಸೇತುವೆ ಹಾಯ್ದರೆ ಧೂಳಖೇಡದ ಕನ್ನಡ ಬೋರ್ಡುಗಳು. ಆಮೇಲೆ ಝಳಕಿ, ಹೊರ್ತಿ, ಮನೆ. ತಿಂಗಳಿಗೆ ಎರಡು ಸಲ ಈ ದಾರಿಯಲ್ಲಿ ಮೀಟಿಯರ್ 350 ಬೈಕ್ ಓಡಿಸುತ್ತೇನೆ. ಈಗ ಹಿಂದಿನ ಗಾಲಿಗೆ ಮೂರನೇ ಟೈರ್. ಮೊದಲ ಎರಡರಿಂದ ಕಲಿತದ್ದನ್ನು, ಊರು ಬಿಟ್ಟು ದೂರದಲ್ಲಿ ದುಡಿಯುತ್ತ ಗಾಡಿಯಲ್ಲೇ ಮನೆಗೆ ಹೋಗಿಬರುವವರಿಗಾಗಿ ಬರೆಯುತ್ತಿದ್ದೇನೆ.

1. ಹೊಸ ಟೈರ್ ಕೊಳ್ಳುವ ಮುಂಚೆ ಹಳೆಯದು ಎಲ್ಲಿ ಸವೆದಿದೆ ನೋಡಿ. ನನ್ನ ಮೊದಲ ಟೈರ್ 14,000 ಕಿ.ಮೀ.ಗೆ ಮುಗಿಯಿತು. ನಡುವಿನ ನಾಲ್ಕು ಬೆರಳಷ್ಟು ಪಟ್ಟಿ ಹಲಗೆಯಂತೆ ಚಪ್ಪಟೆಯಾಗಿತ್ತು. ಅಂಚಿನಲ್ಲಿ ಮಾತ್ರ ಹೊಸ ಟೈರಿನ ರಬ್ಬರ್ ಕೂದಲು ಇನ್ನೂ ನಿಂತಿದ್ದವು. ಸೊಲ್ಲಾಪುರದ ಹೆದ್ದಾರಿ ನೇರ. ಗಾಡಿ ವಾಲುವುದೇ ಅಪರೂಪ. ಎಂಜಿನ್ನಿನ ಎಳೆತ, ನಮ್ಮ ಭಾರ, ಚೀಲದ ಭಾರ ಎಲ್ಲವೂ ಆ ನಡುಪಟ್ಟಿಯ ಮೇಲೆಯೇ. ಇಂಥ ದಾರಿಯಲ್ಲಿ ನಡುಪಟ್ಟಿಯ ಆಯುಷ್ಯವೇ ಟೈರಿನ ಆಯುಷ್ಯ. ಹಾಗಾಗಿ ನಡುವೆ ಗಟ್ಟಿ ರಬ್ಬರ್, ಅಂಚಿಗೆ ಮೆತ್ತನೆಯ ರಬ್ಬರ್ ಇರುವ ಡ್ಯುಯಲ್ ಕಾಂಪೌಂಡ್ ಟೈರ್ ನಮ್ಮಂಥವರಿಗೆ ಸರಿ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ದಿನವೂ ಓಡಾಡುವವರ ಲೆಕ್ಕ ಬೇರೆ, ಅವರು ನನ್ನ ಆಯ್ಕೆಯನ್ನು ಅನುಸರಿಸಬೇಕಿಲ್ಲ.

2. ಟೈರಿನ ಪಕ್ಕೆಯ ಮೇಲಿನ ಬರಹ ಓದಲು ಕಲಿಯಿರಿ. ನನ್ನ ಹಿಂದಿನ ಟೈರಿನ ಅಳತೆ 140/70-17, ಪಕ್ಕದಲ್ಲಿ 66ಪಿ. 66 ಎಂದರೆ 300 ಕೆ.ಜಿ. ಭಾರ ಹೊರಬಲ್ಲದು, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಾಳಬಲ್ಲದು. ಅಳತೆಯಲ್ಲಿ ಅಡ್ಡಗೆರೆ ಇದ್ದರೆ ಬಯಾಸ್, ಆರ್ ಇದ್ದರೆ ರೇಡಿಯಲ್. ಬಯಾಸ್ ಟೈರಿನ ಪಕ್ಕೆ ಗಡುಸು, ಭಾರಕ್ಕೆ ಒಳ್ಳೆಯದು; ರೇಡಿಯಲ್ ಹೆಚ್ಚು ವೇಗದಲ್ಲಿ ಕಡಿಮೆ ಕಾಯುತ್ತದೆ. ಕಂಪನಿ ಹೇಳಿದ ಅಳತೆ, ಭಾರ, ವೇಗದ ಅಂಕಿಗಳಿಗಿಂತ ಕೆಳಗಿನದು ಬೇಡ. ಅಗಲವಾದಷ್ಟೂ ಹೆಚ್ಚು ಬಾಳುತ್ತದೆಂದು 140ರ ಬದಲು 150 ಹಾಕಿಸಿಕೊಂಡವರನ್ನು ಕಂಡಿದ್ದೇನೆ. ರಿಮ್ ಅದೇ ಇರುವಾಗ ಅಗಲದ ಟೈರ್ ಇಕ್ಕಟ್ಟಾಗಿ ಕೂತು ಆಕಾರ ಕೆಡುತ್ತದೆ. ಇನ್ನು ತಯಾರಾದ ದಿನ: ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಅಂದರೆ 2019ರ 23ನೇ ವಾರ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಸರಕು ತಂದರೆ, ಓಡುವ ಮುಂಚೆಯೇ ಒಣಗತೊಡಗಿದ ರಬ್ಬರನ್ನು ಕೊಂಡಂತೆ.

3. ಬಾಳಿಕೆಯೊಂದನ್ನೇ ಬೆನ್ನುಹತ್ತಬೇಡಿ. ಮೊದಲ ಟೈರ್ ಬೇಗ ಮುಗಿಯಿತೆಂಬ ಸಿಟ್ಟಿಗೆ ಎರಡನೆಯದನ್ನು ಅಂಗಡಿಯಲ್ಲಿದ್ದವುಗಳಲ್ಲೇ ಗಟ್ಟಿಯಾದದ್ದು ಹಾಕಿಸಿದೆ. 21,000 ಕಿ.ಮೀ. ಓಡಿತು. ಒಣ ರಸ್ತೆಯಲ್ಲಿ ಒಂದು ದೂರೂ ಇರಲಿಲ್ಲ. ಆದರೆ ಆಷಾಢದ ಒಂದು ಬೆಳಗು ನೆನಪಿದೆ. ಪಂಢರಪುರಕ್ಕೆ ಹೊರಟ ತುಕಾರಾಮ ಮಹಾರಾಜರ ಪಾಲ್ಖಿ ಬಾರಾಮತಿಯಲ್ಲಿ ತಂಗಿ, ಸಣಸರ, ನಿಮಗಾವ್ ಕೇತಕಿಯ ಮೇಲೆ ಇಂದಾಪುರದತ್ತ ಸಾಗಿತ್ತು. ಎರಡು ದಿನದ ಮೇಲೆ ಅದೇ ದಾರಿ ಹಿಡಿದು ಹೊರಟೆ. ಮಳೆ ಆಗಷ್ಟೇ ಶುರುವಾಗಿತ್ತು. ರಸ್ತೆಯ ಎಣ್ಣೆ, ಧೂಳು, ಮಣ್ಣು ಕಲಸಿಕೊಂಡು ಮೇಲೆ ಬರುವ ಹೊತ್ತು. ಎದುರಿಗೆ ದಿಂಡಿಯಿಂದ ಹಿಂದುಳಿದ ನಾಲ್ಕಾರು ವಾರಕರಿ ಯಾತ್ರಿಕರು. ಮೆಲ್ಲಗೆ ಬ್ರೇಕ್ ಹಿಡಿದೆ, ಹಿಂದಿನ ಗಾಲಿ ಪಕ್ಕಕ್ಕೆ ಸರಿಯಿತು. ಗಾಡಿ ಬೀಳಲಿಲ್ಲ, ಯಾರಿಗೂ ತಾಗಲಿಲ್ಲ. ಆದರೆ ಕೈಕಾಲಿನ ನಡುಕ ಇಂದಾಪುರದವರೆಗೂ ನಿಲ್ಲಲಿಲ್ಲ.

ವಿಜಯಪುರದ ಟೈರ್ ಅಂಗಡಿಯವರು ಉಗುರು ಒತ್ತಿ ನೋಡಿ ಹೇಳಿದರು: “ಸಾಹೇಬ್ರ, ಟೈರ್ ಉಳದೈತ್ರಿ, ಹಿಡತ ಹೋಗೇತಿ.” ಗಟ್ಟಿ ರಬ್ಬರ್ ನಿಧಾನ ಸವೆಯುತ್ತದೆ, ಒದ್ದೆ ನೆಲವನ್ನೂ ಕಡಿಮೆ ಹಿಡಿಯುತ್ತದೆ. ಎರಡೂ ಒಂದೇ ಗುಣದ ಎರಡು ಮುಖ. ಈಗ ಕೊಳ್ಳುವಾಗ ಎಷ್ಟು ಕಿ.ಮೀ. ಬರುತ್ತದೆ ಎಂದು ಎರಡನೆಯದಾಗಿ ಕೇಳುತ್ತೇನೆ. ಮೊದಲ ಪ್ರಶ್ನೆ ಮಳೆಯದು.

4. ಗಾಳಿಯಷ್ಟು ಅಗ್ಗದ ಆಯುಷ್ಯ ಬೇರೆಲ್ಲೂ ಸಿಗದು. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಪಕ್ಕೆ ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದ ರಬ್ಬರ್ ಬೇಗ ಸವೆಯುತ್ತದೆ. ಬೇಸಿಗೆಯಲ್ಲಿ ಸೊಲ್ಲಾಪುರ 40 ಡಿಗ್ರಿ ದಾಟುತ್ತದೆ. ಡಾಂಬರು ಅದಕ್ಕಿಂತ ಬಿಸಿ. ಸ್ವಂತ ಗೇಜ್ ಇಟ್ಟುಕೊಳ್ಳಿ. ಬೆಳಿಗ್ಗೆ ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಒಬ್ಬರೇ ಇದ್ದಾಗ ಒಂದು ಅಂಕಿ, ಹಿಂದೆ ಒಬ್ಬರು ಕೂತಾಗ ಅದಕ್ಕಿಂತ ಹೆಚ್ಚಿನ ಅಂಕಿ. ಕಂಪನಿ ಪುಸ್ತಕದಲ್ಲಿ ಎರಡೂ ಇರುತ್ತವೆ. ಮನೆಯವರು ಜೊತೆಗಿದ್ದಾಗ ನಾನು ಮೊದಮೊದಲು ಆ ಎರಡನೇ ಅಂಕಿಯನ್ನು ನೋಡುತ್ತಲೇ ಇರಲಿಲ್ಲ, ಮೊದಲ ಟೈರ್ ಬೇಗ ಹೋಗಲು ಅದೂ ಕಾರಣ. ದಾರಿಯಲ್ಲಿ ಕಾದ ಟೈರಿನ ಒತ್ತಡ ಏರಿದ್ದು ಕಂಡು ಗಾಳಿ ಬಿಡಬೇಡಿ. ತಣಿದಾಗ ಅದು ಕಡಿಮೆಯಾಗಿ ನಿಲ್ಲುತ್ತದೆ.

5. ಕಬ್ಬಿನ ಹಂಗಾಮಿನಲ್ಲಿ ದಿನವೂ ಗಾಲಿ ತಿರುಗಿಸಿ ನೋಡಿ. ಮಾಳೆಗಾವ್, ಸೋಮೇಶ್ವರ, ಭವಾನಿನಗರದ ಕಾರ್ಖಾನೆಗಳ ಕಡೆಗೆ ಟ್ರ್ಯಾಕ್ಟರುಗಳ ಜೊತೆ ಎತ್ತಿನ ಗಾಡಿಗಳೂ ಹೋಗುತ್ತವೆ. ಎತ್ತಿನ ಲಾಳದಿಂದ ಕಳಚಿದ ಮೊಳೆ ರಸ್ತೆಯಲ್ಲಿ ಅಡ್ಡ ಬಿದ್ದಿರುತ್ತದೆ. ಮುಂದಿನ ಗಾಲಿ ಅದನ್ನು ಚಿಮ್ಮಿಸಿ ನಿಲ್ಲಿಸುತ್ತದೆ, ಹಿಂದಿನ ಗಾಲಿ ಅದರ ಮೇಲೆ ಹೋಗುತ್ತದೆ. ಪಂಕ್ಚರ್ ಹಿಂದಿನ ಟೈರಿಗೇ ಹೆಚ್ಚು ಆಗುವುದು ಇದರಿಂದ. ಟ್ಯೂಬ್‌ಲೆಸ್ ಟೈರಿನ ನಡುಪಟ್ಟಿಯಲ್ಲಿ ಒಂದು ತೂತಿಗೆ ರಬ್ಬರ್ ಬತ್ತಿ ಸಾಕು. ಪಕ್ಕೆಯಲ್ಲಾದರೆ ರಿಪೇರಿಯ ಮಾತೇ ಇಲ್ಲ, ಎಷ್ಟೇ ಹೊಸದಿರಲಿ ಬದಲಿಸಬೇಕು.

6. ಚೈನ್ ಬಿಗಿಸುವಾಗ ಎರಡೂ ಬದಿಯ ಗುರುತು ಒಂದೇ ಮನೆಗೆ ಬರಲಿ. ಗಾಲಿ ಸ್ವಲ್ಪ ಓರೆಯಾದರೂ ಟೈರ್ ಒಂದೇ ಮಗ್ಗುಲಿಗೆ ಸವೆಯುತ್ತದೆ.

7. ಉಳಿಸಲು ಹೋಗಿ ಮಾಡಬಾರದ್ದು ಎರಡಿವೆ. ಅಮೆರಿಕದಲ್ಲಿ ಗೋಲ್ಡ್ ವಿಂಗ್‌ನಂಥ ಭಾರಿ ಗಾಡಿಗಳ ಕೆಲವು ಸವಾರರು ಹಿಂದಿನ ಗಾಲಿಗೆ ಕಾರಿನ ಟೈರ್ ಹಾಕುತ್ತಾರೆ. ಬಹಳ ಬಾಳುತ್ತದೆ, ನಿಜ. ಆದರೆ ಕಾರಿನ ಟೈರ್ ಚಪ್ಪಟೆ, ಬೈಕು ವಾಲಿದಾಗ ಅದು ಅಂಚಿನ ಮೇಲೆ ನಿಲ್ಲುತ್ತದೆ. ನಮ್ಮ ಗಾಡಿಗೆ, ನಮ್ಮ ರಸ್ತೆಗೆ ಅದು ಬೇಡವೇ ಬೇಡ. ಎರಡನೆಯದು, ಕಾನೂನಿನ ಕಡೆಯ ಗೆರೆಯವರೆಗೂ ಎಳೆಯುವುದು. ದ್ವಿಚಕ್ರಕ್ಕೆ ಕನಿಷ್ಠ 0.8 ಮಿ.ಮೀ. ಆಳ ಇರಬೇಕೆಂಬುದು ನಿಯಮ. ಗೆರೆಗಳ ತಳದಲ್ಲಿರುವ ಸಣ್ಣ ದಿಣ್ಣೆಗಳು ಅದನ್ನು ತೋರಿಸುತ್ತವೆ. ಅಷ್ಟು ಸವೆದ ಗೆರೆ ಮಳೆನೀರನ್ನು ಹೊರಹಾಕಲಾರದು.

ಈಗಿನ ಡ್ಯುಯಲ್ ಕಾಂಪೌಂಡ್ ಟೈರ್ 16,000 ಕಿ.ಮೀ. ಓಡಿದೆ. ನಡುಪಟ್ಟಿಯಲ್ಲಿ ಇನ್ನೂ 2 ಮಿ.ಮೀ. ಇದೆ, ಒಣ ರಸ್ತೆಯಲ್ಲಾದರೆ ನಾಲ್ಕಾರು ತಿಂಗಳು ಬಂದೀತು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ವಾರದಲ್ಲೇ ಬದಲಿಸುತ್ತೇನೆ.